‘ತೆಪೆಯಾಕ್ ಬೆಟ್ಟದ ತಾಯಿ’: ಒಂದು ಹಸ್ತಪ್ರತಿಗೆ ಸಂಪಾದಕರ ಉತ್ತರ

ಪ್ರಿಯ ಬರಹಗಾರರೇ,

ನೀವು ಕಳಿಸಿದ ‘ತೆಪೆಯಾಕ್ ಬೆಟ್ಟದ ತಾಯಿ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಬರಿಯ ಓದುಗನಾಗಿ, ಎರಡನೆಯ ಸಲ ಕೈಯಲ್ಲಿ ಪೆನ್ಸಿಲು ಹಿಡಿದು. ಈಗಿರುವ ರೂಪದಲ್ಲಿ ಅದನ್ನು ನಾವು ಪ್ರಕಟಿಸಲಾರೆವು. ಆದರೆ ವಿಷಯ ದೊಡ್ಡದು, ಅದರ ಮೇಲೆ ನಿಮಗಿರುವ ಪ್ರೀತಿ ನಿಜವಾದದ್ದು. ಆದ್ದರಿಂದ ಒಂದು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳದೆ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಲೇಖನ ಹೇಳುವುದು ಇಷ್ಟು. 1521ರಲ್ಲಿ ಸ್ಪೇನಿನವರು ಇಂದಿನ ಮೆಕ್ಸಿಕೊ ನಗರದ ಜಾಗದಲ್ಲಿದ್ದ ಅಜ್ಟೆಕ್ ರಾಜಧಾನಿ ತೆನೊಚ್ಟಿಟ್ಲಾನನ್ನು ಗೆದ್ದರು. ಹತ್ತು ವರ್ಷಗಳ ನಂತರ, 1531ರ ಡಿಸೆಂಬರಿನಲ್ಲಿ, ಹುವಾನ್ ದಿಯೆಗೊ ಎಂಬ ಬಡ ನಾವಾ (ನಾವಾತ್ಲ್ ಭಾಷೆಯಾಡುವ ಅಲ್ಲಿನ ಮೂಲನಿವಾಸಿ) ಮನುಷ್ಯನಿಗೆ ತೆಪೆಯಾಕ್ ಬೆಟ್ಟದಲ್ಲಿ ಮಾತೆ ಮರಿಯಮ್ಮ ದರ್ಶನವಿತ್ತು, ಅಲ್ಲಿ ತನಗೊಂದು ಗುಡಿ ಕಟ್ಟಿಸಬೇಕೆಂದು ಬಿಷಪ್ ಹುವಾನ್ ದೆ ಸುಮಾರ್ರಾಗ ಅವರಿಗೆ ಹೇಳಿಕಳಿಸಿದಳು. ಬಿಷಪ್ ಗುರುತು ಕೇಳಿದರು. ಚಳಿಗಾಲದ ಬೋಳುಬೆಟ್ಟದಲ್ಲಿ ಅರಳಿದ ಹೂಗಳನ್ನು ಆತ ಕತ್ತಾಳೆ ನಾರಿನ ತನ್ನ ಹೊದಿಕೆಯಲ್ಲಿ, ಅಂದರೆ ತಿಲ್ಮಾದಲ್ಲಿ, ತುಂಬಿಕೊಂಡು ಹೋಗಿ ಬಿಷಪ್ಪರ ಮುಂದೆ ಸುರಿದಾಗ ಆ ಬಟ್ಟೆಯ ಮೇಲೆ, ಗ್ವಾದಲುಪೆ ಮಾತೆಯೆಂದು ಹೆಸರಾದ ಆಕೆಯ ಚಿತ್ರ ಮೂಡಿತು. ಇದರ ಬಲದಿಂದಲೇ ಹತ್ತು ವರ್ಷಗಳೊಳಗೆ 80 ಲಕ್ಷ ಮೂಲನಿವಾಸಿಗಳು ಕಥೋಲಿಕರಾದರು ಎಂದು ನೀವು ಬರೆಯುತ್ತೀರಿ.

ನಿಮ್ಮ ಮೂರನೆಯ ಪುಟದ ಒಂದು ವಾಕ್ಯವನ್ನು ಎತ್ತಿಕೊಳ್ಳುತ್ತೇನೆ: ‘ಮುಗ್ಧ ಆದಿವಾಸಿಗಳು ಆ ಚಿತ್ರವನ್ನು ಕಂಡೊಡನೆ ತಮ್ಮ ಕ್ರೂರ ದೇವತೆಗಳನ್ನು ಮರೆತು ಮರಿಯಮ್ಮನ ಮಡಿಲು ಸೇರಿದರು.’ ಓದಲು ಇಂಪಾಗಿದೆ. ಆದರೆ ಇಡೀ ಲೇಖನ ಹಳಿ ತಪ್ಪಿರುವುದು ಈ ವಾಕ್ಯದಲ್ಲಿಯೇ.

‘ಕಂಡೊಡನೆ’ ಎಂಬ ಪದವನ್ನು ಮೊದಲು ನೋಡೋಣ. 1531ರಲ್ಲಿ ನಡೆದದ್ದೆಂದು ನೀವು ಹೇಳುವ ಕಥೆ ನಮಗೆ ಪೂರ್ಣರೂಪದಲ್ಲಿ ಅಚ್ಚಾಗಿ ಸಿಗುವುದು ನೂರಹದಿನೇಳು ವರ್ಷಗಳ ನಂತರ: 1648ರಲ್ಲಿ ಮಿಗೆಲ್ ಸಾಂಚೆಸ್ ಎಂಬ ಪಾದ್ರಿ ಸ್ಪ್ಯಾನಿಷಿನಲ್ಲಿ ಬರೆದ ಪುಸ್ತಕದಲ್ಲಿ, ಮರುವರ್ಷ ತೆಪೆಯಾಕಿನ ಗುಡಿಯ ಗುರುಗಳಾಗಿದ್ದ ಲೂಯಿಸ್ ಲಾಸೊ ದೆ ಲಾ ವೇಗ ಅವರು ನಾವಾತ್ಲ್ ಭಾಷೆಯಲ್ಲಿ ಹೊರತಂದ ಪುಸ್ತಕದಲ್ಲಿ. ಕಥೆಯ ಮುಖ್ಯ ಪಾತ್ರಗಳಲ್ಲೊಬ್ಬರಾದ ಸುಮಾರ್ರಾಗ 1548ರಲ್ಲಿ ತೀರಿಕೊಂಡರು. ಉಳಿದುಬಂದಿರುವ ಅವರ ಬರಹಗಳಲ್ಲಿ ಈ ದರ್ಶನದ ಮಾತೇ ಇಲ್ಲ. 80 ಲಕ್ಷದ ಲೆಕ್ಕಕ್ಕೆ ನೀವು ಯಾವ ಆಧಾರವನ್ನೂ ಕೊಟ್ಟಿಲ್ಲ. ಆ ಕಾಲದ ಜ್ಞಾನಸ್ನಾನಗಳ ಲೆಕ್ಕವನ್ನು ಬರೆದಿಟ್ಟವರಲ್ಲಿ ಮುಖ್ಯರು ಫ್ರಾನ್ಸಿಸ್ಕನ್ ಸಂನ್ಯಾಸಿ ಮೊತೊಲಿನಿಯಾ. 1524ರಲ್ಲಿ ಧರ್ಮಪ್ರಚಾರಕ್ಕೆಂದು ಮೆಕ್ಸಿಕೊದಲ್ಲಿ ಬಂದಿಳಿದ ಹನ್ನೆರಡು ಫ್ರಾನ್ಸಿಸ್ಕನ್ನರಲ್ಲಿ ಅವರೂ ಒಬ್ಬರು. ಅವರು ಎಣಿಸುವುದು ದಶಲಕ್ಷಗಳಲ್ಲಿಯೇ, ಆದರೆ ಆ ಪುಣ್ಯವನ್ನು ತೆಪೆಯಾಕಿನ ಚಿತ್ರಕ್ಕೆ ಸಲ್ಲಿಸುವುದಿಲ್ಲ, ಅದರ ಹೆಸರನ್ನೂ ಎತ್ತುವುದಿಲ್ಲ. ಸಾಮೂಹಿಕ ಜ್ಞಾನಸ್ನಾನ 1531ಕ್ಕಿಂತ ಮೊದಲೇ ಶುರುವಾಗಿತ್ತು. ಅದರ ಹಿಂದೆ ಸೋತ ರಾಜ್ಯವಿತ್ತು, 1520ರ ಸಿಡುಬಿನಲ್ಲಿ ಬರಿದಾದ ಮನೆಗಳಿದ್ದವು, ಗೆದ್ದವರ ದೇವರೊಡನೆ ಒಪ್ಪಂದ ಮಾಡಿಕೊಂಡು ತಮ್ಮ ಊರನ್ನು ಉಳಿಸಿಕೊಳ್ಳಲು ಹೊರಟ ನಾವಾ ಮುಖಂಡರ ಲೆಕ್ಕಾಚಾರವಿತ್ತು.

ಇದನ್ನು ಹೇಳಿದ ಮಾತ್ರಕ್ಕೆ ಭಕ್ತರ ಮನಸ್ಸು ನೋಯಿಸಬೇಕಾಗಿಲ್ಲ. 2002ರ ಜುಲೈ 31ರಂದು ಎರಡನೆಯ ಜಾನ್ ಪಾಲ್ ಪೋಪರು ಹುವಾನ್ ದಿಯೆಗೊ ಅವರಿಗೆ ಸಂತ ಪದವಿ ನೀಡಿದರು. ನಂಬಿದವರ ಪಾಲಿಗೆ ಅದು ಸಾಕು. ನೀವು ಮಾಡಬೇಕಾದದ್ದು ಇಷ್ಟೇ: ‘1531ರಲ್ಲಿ ಹೀಗಾಯಿತು’ ಎನ್ನುವ ಕಡೆ ‘1649ರಲ್ಲಿ ಅಚ್ಚಾದ ನಾವಾತ್ಲ್ ಕಥನ ಹೀಗೆ ಹೇಳುತ್ತದೆ’ ಎನ್ನಿ. ಕಥೆಯ ಸೊಬಗು ಒಂದು ಎಳೆಯಷ್ಟೂ ಕಡಿಮೆಯಾಗುವುದಿಲ್ಲ. ಚಿತ್ರದ ಕಣ್ಣಿನೊಳಗೆ ಮನುಷ್ಯರ ಪ್ರತಿಬಿಂಬಗಳಿವೆ ಎಂಬ ಪ್ಯಾರಾವನ್ನು ಮಾತ್ರ ಪೂರ್ತಿ ಹೊಡೆದುಹಾಕಿದ್ದೇನೆ.

ಸುಮಾರ್ರಾಗ ಅವರನ್ನು ನೀವು ‘ಕರುಣಾಳು ವೃದ್ಧ’ ಎಂಬ ಎರಡೇ ಪದಗಳಲ್ಲಿ ಮುಗಿಸಿದ್ದೀರಿ. 1531ರ ಜೂನ್ 12ರಂದು, ಅಂದರೆ ಕಥೆಯ ದರ್ಶನಕ್ಕೆ ಆರು ತಿಂಗಳ ಮೊದಲು, ಅವರು ಯುರೋಪಿನ ತಮ್ಮ ಸಂನ್ಯಾಸಿ ಬಂಧುಗಳಿಗೆ ಬರೆದ ಪತ್ರವೊಂದಿದೆ. 500ಕ್ಕೂ ಹೆಚ್ಚು ಗುಡಿಗಳನ್ನು ಕೆಡವಲಾಗಿದೆ, 20,000ಕ್ಕೂ ಹೆಚ್ಚು ವಿಗ್ರಹಗಳನ್ನು ನಾಶಮಾಡಲಾಗಿದೆ ಎಂದು ಅದರಲ್ಲಿ ಸಂತೋಷದಿಂದ ತಿಳಿಸಿದ್ದಾರೆ. ಇದೇ ಮನುಷ್ಯ ಸ್ಪ್ಯಾನಿಷ್ ಅಧಿಕಾರಿಗಳ ದೌರ್ಜನ್ಯದ ವಿರುದ್ಧ ಮೂಲನಿವಾಸಿಗಳ ಪರ ನಿಂತು ಜಗಳವಾಡಿದವರು. ಇವರೇ 1539ರಲ್ಲಿ ತೆಶ್ಕೊಕೊ ಎಂಬ ಊರಿನ ನಾವಾ ದೊರೆಮನೆತನದ ದಾನ್ ಕಾರ್ಲೋಸ್ ಎಂಬಾತನನ್ನು ಧರ್ಮದ್ರೋಹದ ವಿಚಾರಣೆ ನಡೆಸಿ ಸುಡುವ ಶಿಕ್ಷೆಗೆ ಒಪ್ಪಿಸಿದವರು. ಇಂಥವರ ಎದುರು ಒಬ್ಬ ಬಡ ನಾವಾ ಮನುಷ್ಯ ಹೊದಿಕೆ ಬಿಚ್ಚಿ ನಿಂತ ಎಂದು ಕಥೆ ಹೇಳುವಾಗ, ಆ ಕೋಣೆಯಲ್ಲಿ ಎಷ್ಟು ಭಯ ತುಂಬಿತ್ತೆಂಬುದು ನಿಮ್ಮ ಓದುಗರಿಗೆ ತಿಳಿಯಬೇಡವೇ?

ಇನ್ನು ‘ಮರೆತು’ ಎಂಬ ಪದ. 1556ರ ಸೆಪ್ಟೆಂಬರ್ 8ರಂದು, ಮರಿಯಮ್ಮನ ಜನ್ಮದಿನದ ಹಬ್ಬದಂದು (ಮಂಗಳೂರು ಸೀಮೆಯ ಕಥೋಲಿಕರು ಹೊಸ ತೆನೆ ತಂದು ಮೊಂತಿ ಹಬ್ಬ ಆಚರಿಸುವುದು ಇದೇ ದಿನ), ಫ್ರಾನ್ಸಿಸ್ಕನ್ನರ ಮುಖ್ಯಸ್ಥ ಫ್ರಾನ್ಸಿಸ್ಕೊ ದೆ ಬುಸ್ತಾಮಾಂತೆ ಮೆಕ್ಸಿಕೊ ನಗರದಲ್ಲಿ ಒಂದು ಪ್ರವಚನ ಕೊಟ್ಟರು. ಆರ್ಚ್‌ಬಿಷಪ್ ಮೊಂತೂಫಾರ್ ತೆಪೆಯಾಕಿನ ಭಕ್ತಿಗೆ ಬೆಂಬಲ ಕೊಡುತ್ತಿದ್ದಾರೆ, ಅಲ್ಲಿರುವುದು ಮಾರ್ಕೋಸ್ ಎಂಬ ಮೂಲನಿವಾಸಿ ಬರೆದ ಚಿತ್ರ, ಅದು ಪವಾಡ ಮಾಡುತ್ತದೆಂದು ಹೇಳಿದರೆ ವಿಗ್ರಹಪೂಜೆ ಬಿಡಿಸಲು ನಾವು ಪಟ್ಟ ಪಾಡೆಲ್ಲ ನೀರುಪಾಲು ಎಂಬುದು ಅವರ ವಾದ. ಕೂಡಲೇ ಆರ್ಚ್‌ಬಿಷಪ್ ವಿಚಾರಣೆ ನಡೆಸಿ ಸಾಕ್ಷಿಗಳ ಹೇಳಿಕೆ ಬರೆಸಿಕೊಂಡರು, ಆ ದಾಖಲೆ ಉಳಿದಿದೆ. ‘ಪಾದ್ರಿಗಳೆಲ್ಲ ಸೇರಿ ಜನರನ್ನು ಒಲಿಸಲು ಹೂಡಿದ ಉಪಾಯ’ ಎಂದು ನಿಮ್ಮ ಲೇಖನದಲ್ಲಿ ಒಂದು ಕಡೆ ಬರುವ ಮಾತೂ, ‘ಪಾದ್ರಿಗಳೆಲ್ಲ ಸಂಭ್ರಮದಿಂದ ಸ್ವಾಗತಿಸಿದರು’ ಎಂದು ಇನ್ನೊಂದು ಕಡೆ ಬರುವ ಮಾತೂ ಈ ದಾಖಲೆಯ ಮುಂದೆ ನಿಲ್ಲುವುದಿಲ್ಲ. ಒಂದು ಚಿತ್ರದ ಬಗ್ಗೆ ಧರ್ಮಸಭೆಯೇ ಇಬ್ಭಾಗವಾಗಿತ್ತು. ಮಾರ್ಕೋಸನ ಹೆಸರು ನಿಮ್ಮ ಲೇಖನದಲ್ಲಿ ಇಲ್ಲದಿರುವುದು ನನಗೆ ನೋವಿನ ಸಂಗತಿ. ಕುಂಚ ಹಿಡಿದ ಒಬ್ಬ ನಾವಾ ಕಲಾವಿದನ ಹೆಸರು ದಾಖಲೆಯಲ್ಲಿ ಸಿಗುತ್ತಿರುವಾಗ ಅದನ್ನು ಬಿಟ್ಟು ‘ಮುಗ್ಧ ಆದಿವಾಸಿಗಳು’ ಎಂದು ಬರೆಯುವುದು ಅವರಿಗೆ ಮಾಡುವ ಅನ್ಯಾಯ.

1576ರಲ್ಲಿ ಬೆರ್ನಾರ್ದಿನೊ ದೆ ಸಹಾಗುನ್ ಬರೆದ ದೂರು ಇನ್ನೂ ಹರಿತವಾದದ್ದು. ನಾವಾತ್ಲ್ ಭಾಷೆಯನ್ನು ಅರೆದು ಕುಡಿದಿದ್ದ ಈ ಸಂನ್ಯಾಸಿ ಹೇಳುವಂತೆ, ತೆಪೆಯಾಕಿನಲ್ಲಿ ಹಿಂದೆ ದೇವತೆಗಳ ತಾಯಿಯ ಗುಡಿಯಿತ್ತು, ಆಕೆಯನ್ನು ತೊನಾಂಟ್ಸಿನ್ ಎನ್ನುತ್ತಿದ್ದರು, ಜನ ದೂರದೂರದಿಂದ ಕಾಣಿಕೆ ಹೊತ್ತು ಬರುತ್ತಿದ್ದರು. ಈಗ ಗ್ವಾದಲುಪೆ ಮಾತೆಗೂ ಅದೇ ಹೆಸರು, ಅದೇ ಜನ, ಅದೇ ದಾರಿ. ದೇವಮಾತೆಗೆ ಸಲ್ಲುವ ಸರಿಯಾದ ಹೆಸರು ‘ದಿಯೋಸ್ ಇನಾಂಟ್ಸಿನ್’. ಈ ವ್ಯತ್ಯಾಸ ಕನ್ನಡದ ಕಿವಿಗೆ ಒಂದೇ ಏಟಿಗೆ ತಿಳಿಯುವಂಥದ್ದು. ‘ತೊ’ ಎಂದರೆ ನಮ್ಮ, ‘ಇ’ ಎಂದರೆ ಅವನ, ಕೊನೆಯ ‘ಟ್ಸಿನ್’ ಗೌರವಸೂಚಕ. ಸಹಾಗುನ್ ಬಯಸಿದ್ದು ‘ದೇವರ ತಾಯಿಯವರು’, ಜನ ಕರೆದದ್ದು ‘ನಮ್ಮಮ್ಮನವರು’. ಇಲ್ಲಿಂದ ಜಿಗಿದು ‘ಗ್ವಾದಲುಪೆ ಎಂದರೆ ಹೆಸರು ಬದಲಿಸಿಕೊಂಡ ಹಳೆಯ ದೇವತೆ’ ಎಂದು ತೀರ್ಮಾನಿಸಿದ್ದೀರಿ, ಅದು ಅವಸರ. ‘ಅಮ್ಮನವರು’ ಎಂಬುದು ನಮ್ಮಲ್ಲಿ ಒಬ್ಬ ದೇವಿಯ ಅಂಕಿತನಾಮವಲ್ಲ, ಗೌರವದ ಕರೆ. ಯಾವ ಊರಿನ ಯಾವ ದೇವಿಗೂ ಅದು ಸಲ್ಲುತ್ತದೆ. ತೊನಾಂಟ್ಸಿನ್ ಎಂಬುದನ್ನೂ ಹೀಗೆ ಓದಲು ಸಾಧ್ಯ. ಹೊಸಬಳೊಬ್ಬಳನ್ನು ‘ನಮ್ಮಮ್ಮ’ ಎಂದು ಕರೆದವರು ಹಳಬಳನ್ನು ಮರೆತರೋ, ಮರೆಮಾಡಿದರೋ, ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡರೋ ಎಂಬ ಪ್ರಶ್ನೆಯನ್ನು ತೆರೆದಿಡಿ.

ಭಾಷೆಯ ಮಾತು ಬಂದದ್ದರಿಂದ ನಿಮ್ಮ ಸಂಭಾಷಣೆಗಳ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕಾಗಿದೆ. ನಾವಾತ್ಲ್ ಕಥನದ ನಾಲ್ಕನೆಯ ದಿನ ಬೆಳಗಿನ ಜಾವ. ಹುವಾನ್ ದಿಯೆಗೊನ ಚಿಕ್ಕಪ್ಪ ಹುವಾನ್ ಬೆರ್ನಾರ್ದಿನೊ ಸಾಂಕ್ರಾಮಿಕ ರೋಗ ತಗುಲಿ ಸಾಯುವ ಸ್ಥಿತಿಯಲ್ಲಿದ್ದಾನೆ. ಪಾದ್ರಿಯನ್ನು ಕರೆತರಲು ತ್ಲಾತೆಲೋಲ್ಕೊಗೆ ಹೊರಟ ಈತ, ಎಂದಿನ ದಾರಿಯಲ್ಲಿ ಹೋದರೆ ಆಕೆ ಕಂಡು ತಡೆಯುವಳೆಂದು ಹೆದರಿ ಬೆಟ್ಟವನ್ನು ಬಳಸಿಕೊಂಡು ಇನ್ನೊಂದು ಮಗ್ಗುಲಿನಿಂದ ಹೋಗುತ್ತಾನೆ. ಆಕೆ ಬೆಟ್ಟವಿಳಿದು ಅಡ್ಡ ಬರುತ್ತಾಳೆ. ಸಿಕ್ಕಿಬಿದ್ದ ಈತನ ಬಾಯಿಂದ ನೀವು ಆಡಿಸುವ ಮಾತು: ‘ಓ ಪವಿತ್ರ ಮಹಿಳೆಯೇ, ನನ್ನನ್ನು ಕ್ಷಮಿಸು, ನಾನು ಅವಸರದಲ್ಲಿದ್ದೇನೆ.’ ಮೂಲದಲ್ಲಿ ಆತ ಮೊದಲು ಕ್ಷಮೆಯನ್ನೂ ಕೇಳುವುದಿಲ್ಲ, ಅವಸರವನ್ನೂ ಹೇಳುವುದಿಲ್ಲ. ನಾಚಿಕೆಯಿಂದ ಉಪಚಾರಕ್ಕೆ ತೊಡಗುತ್ತಾನೆ. ‘ನನ್ನ ಮಗಳೇ, ನನ್ನ ಕಿರಿಯವಳೇ, ಸುಖವಾಗಿದ್ದೀಯಾ, ಬೆಳಿಗ್ಗೆ ಹೇಗೆ ಎದ್ದೆ, ಮೈಯಲ್ಲಿ ಹುಷಾರಾಗಿದ್ದೀಯಾ’ ಎಂಬ ಧಾಟಿಯಲ್ಲಿ ವಿಚಾರಿಸುತ್ತಾನೆ. ದೇವಮಾತೆಯನ್ನು ಮಗಳೇ ಎನ್ನುತ್ತಾನೆ, ಆಕೆ ಆತನನ್ನು ‘ನನ್ನ ಕಿರಿಮಗನೇ’ ಎನ್ನುತ್ತಾಳೆ. ಪುಟ್ಟ ಮಗಳನ್ನು ‘ಅಮ್ಮಾ’, ‘ನನ್ನವ್ವಾ’ ಎಂದು ಕರೆಯುವ ನಾಡಿನವರು ನಾವು, ಈ ಮಾತಿನ ಮೆಲುಪು ನಮಗೆ ವಿವರಣೆಯಿಲ್ಲದೆ ತಿಳಿಯುತ್ತದೆ. ಹಾಗೆಯೇ, ಬೇರೆ ಯಾರಾದರೂ ಗಣ್ಯರನ್ನು ಬಿಷಪ್ಪರಲ್ಲಿಗೆ ಕಳಿಸೆಂದು ಬೇಡುವಾಗ ಆತ ತನ್ನನ್ನು ಹೊರೆ ಹೊರುವ ಹಗ್ಗ, ಬೆನ್ನಿನ ಮೇಲಿನ ಹೊರೆಚೌಕಟ್ಟು, ಬಾಲ, ರೆಕ್ಕೆ ಎಂದು ಕರೆದುಕೊಳ್ಳುತ್ತಾನೆ. ನೀವು ಅದನ್ನೆಲ್ಲ ‘ನಾನೊಬ್ಬ ಸಾಮಾನ್ಯ ಮನುಷ್ಯ’ ಎಂದು ತೊಳೆದಿಟ್ಟಿದ್ದೀರಿ. ಗೆದ್ದವರ ಮಾಲನ್ನು ಬೆನ್ನ ಮೇಲೆ ಹೊತ್ತ ಜನರ ಬದುಕು ಆ ಹಗ್ಗದಲ್ಲಿದೆ. ದಯವಿಟ್ಟು ಹಗ್ಗವನ್ನು ವಾಪಸು ತನ್ನಿ.

ಹಾಗಾದರೆ ಕಥೋಲಿಕ ಧರ್ಮ ಈ ಜನರಲ್ಲಿ ಬೇರೂರಿದ್ದು ಹೇಗೆ? ನಿಮ್ಮ ಲೇಖನದಲ್ಲಿ ಇದಕ್ಕೆ ಒಂದು ಪ್ಯಾರಾವೂ ಇಲ್ಲ. 1536ರಲ್ಲಿ ತ್ಲಾತೆಲೋಲ್ಕೊದಲ್ಲೇ ಫ್ರಾನ್ಸಿಸ್ಕನ್ನರ ಕಾಲೇಜು ಆರಂಭವಾಗಿ ನಾವಾ ಹುಡುಗರು ಲ್ಯಾಟಿನ್ ಕಲಿತರು, ಮುಂದೆ ಅವರೇ ಸಹಾಗುನ್ ಅವರ ಗ್ರಂಥಗಳಿಗೆ ಕೈಯಾದರು. ಪ್ರತಿ ಊರಿಗೂ (ನಾವಾತ್ಲ್‌ನಲ್ಲಿ ಆಲ್ತೆಪೆಟ್ಲ್, ಅಂದರೆ ‘ನೀರು-ಬೆಟ್ಟ’) ಒಬ್ಬ ಸಂತ, ಒಂದು ಚರ್ಚು, ಅದರ ಲೆಕ್ಕಪತ್ರ ನೋಡುವ ಸ್ಥಳೀಯ ಅಧಿಕಾರಿ, ಹಾಡುವವರು, ವಾದ್ಯದವರು, ಹಬ್ಬದ ಖರ್ಚು ಹೊರುವ ಭಕ್ತಕೂಟ ಇವೆಲ್ಲ ಒಂದೊಂದಾಗಿ ಬಂದವು. ನಾವಾತ್ಲ್‌ನಲ್ಲಿ ಬರೆಸಿದ ಮರಣಶಾಸನಗಳು ದೊಡ್ಡ ಸಂಖ್ಯೆಯಲ್ಲಿ ಉಳಿದಿವೆ. ತನ್ನ ಆತ್ಮಕ್ಕಾಗಿ ಪೂಜೆ ಮಾಡಿಸಬೇಕೆಂದೂ, ಹೊಲ, ಮನೆ ಇಂಥವರಿಗೆ ಸೇರಬೇಕೆಂದೂ ಒಂದೇ ಉಸಿರಿನಲ್ಲಿ ಹೇಳುವ ಸಾಮಾನ್ಯರ ಧ್ವನಿ ಅಲ್ಲಿ ಕೇಳುತ್ತದೆ. ಗ್ವಾದಲುಪೆಯ ಭಕ್ತಿಯಾದರೋ ಮೊದಲು ಬಲವಾಗಿ ಬೆಳೆದದ್ದು ಮೆಕ್ಸಿಕೊ ನಗರದಲ್ಲಿ, ಅಲ್ಲೇ ಹುಟ್ಟಿದ ಸ್ಪ್ಯಾನಿಷ್ ಸಂತತಿಯವರ ನಡುವೆ, ದೂರದ ಹಳ್ಳಿಗಳಿಗೆ ಹಬ್ಬಿದ್ದು ಆಮೇಲೆ ಎಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. 1736ರಲ್ಲಿ ಆರಂಭವಾದ ಭೀಕರ ಸಾಂಕ್ರಾಮಿಕದ ನಡುವೆ, 1737ರಲ್ಲಿ, ನಗರ ಆಕೆಯನ್ನು ತನ್ನ ರಕ್ಷಕಿಯೆಂದು ಸಾರಿತು. 1810ರಲ್ಲಿ ಸ್ಪ್ಯಾನಿಷ್ ಆಳ್ವಿಕೆಯ ವಿರುದ್ಧ ಎದ್ದ ಪಾದ್ರಿ ಇದಾಲ್ಗೊ ಆಕೆಯ ಚಿತ್ರವನ್ನೇ ದಂಗೆಯ ಬಾವುಟ ಮಾಡಿಕೊಂಡರು. ಹಾಗಾಗಿ ಕಥೆ ಹತ್ತು ವರ್ಷದ್ದಲ್ಲ, ಮುನ್ನೂರು ವರ್ಷದ್ದು.

ಒಂದು ಘಟನೆಯನ್ನು ನೀವು ಸೇರಿಸಲೇಬೇಕೆಂದು ನನ್ನ ಒತ್ತಾಯ. 1712ರಲ್ಲಿ, ಇಂದಿನ ಮೆಕ್ಸಿಕೊದ ದಕ್ಷಿಣ ತುದಿಯ ಚಿಯಾಪಾಸ್ ಸೀಮೆಯ ಕಾಂಕುಕ್ ಎಂಬ ಊರಿನಲ್ಲಿ, ಮರಿಯಾ ದೆ ಲಾ ಕಾಂದೆಲಾರಿಯಾ ಎಂದು ಹೆಸರಾದ ತ್ಸೆಲ್ತಾಲ್ ಮಾಯಾ ಹುಡುಗಿಯೊಬ್ಬಳು ತನಗೆ ಮರಿಯಮ್ಮನ ದರ್ಶನವಾಯಿತೆಂದಳು. ತೆಪೆಯಾಕಿನಂತೆಯೇ ಇಲ್ಲಿಯೂ ಗುಡಿ ಕಟ್ಟಬೇಕೆಂಬ ಮಾತಿತ್ತು, ಊರವರು ಕಟ್ಟಿದರು. ಚರ್ಚಿನ ಅಧಿಕಾರಿಗಳು ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ಅದು ಸುತ್ತಲಿನ ಅನೇಕ ಊರುಗಳ ದಂಗೆಯಾಯಿತು. ಮಾಯಾ ಜನ ತಮ್ಮವರನ್ನೇ ಪಾದ್ರಿಗಳನ್ನಾಗಿ ನೇಮಿಸಿಕೊಂಡು ಪೂಜೆ ನಡೆಸಿದರು. ಅದೇ ವರ್ಷದ ನವೆಂಬರಿನಲ್ಲಿ ಸ್ಪ್ಯಾನಿಷ್ ಸೈನ್ಯ ಕಾಂಕುಕನ್ನು ವಶಪಡಿಸಿಕೊಂಡಿತು. ಈ ಎರಡು ದರ್ಶನಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಮೂಲನಿವಾಸಿ ಮನುಷ್ಯ ಬಿಷಪ್ಪರ ಬಾಗಿಲಲ್ಲಿ ಕಾದು ನಿಂತು ಅವರ ಒಪ್ಪಿಗೆ ಪಡೆಯುತ್ತಾನೆ. ಇನ್ನೊಂದರಲ್ಲಿ ಆ ಬಾಗಿಲಿನ ಅಗತ್ಯವೇ ಇಲ್ಲವೆಂದು ಜನ ನಿರ್ಧರಿಸುತ್ತಾರೆ. ನಿಮ್ಮ ಲೇಖನಕ್ಕೆ ಬೆನ್ನೆಲುಬಾಗಬಲ್ಲ ವಿಚಾರವಿದು. ನಾನಾಗಿದ್ದರೆ 80 ಲಕ್ಷದ ಪುಟಗಳನ್ನು ತೆಗೆದು ಆ ಜಾಗವನ್ನು ಕಾಂಕುಕಿಗೆ ಕೊಡುತ್ತಿದ್ದೆ.

ಕೊನೆಯ ಪುಟದಲ್ಲಿ ನೀವು ವೇಳಾಂಕಣ್ಣಿಗೂ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಕ್ಕೂ ಹಾರಿದ್ದೀರಿ. ಆ ಸ್ಥಳಗಳ ಇತಿಹಾಸ ಬೇರೆ, ಅಲ್ಲಿಗೆ ಬರುವ ಜನ ಬೇರೆ. ಆ ಪುಟವನ್ನು ಬೇರೆ ಲೇಖನಕ್ಕೆ ಎತ್ತಿಡಿ.

ಮುಂದಿನ ಕರಡನ್ನು ಚಿಕ್ಕಪ್ಪನ ಹಾಸಿಗೆಯ ಪಕ್ಕದಿಂದ, ಬೆಟ್ಟ ಬಳಸಿ ಹೋಗುವ ಆ ಬೆಳಗಿನಿಂದ ಆರಂಭಿಸಿ. ರೋಗಿಯ ಕೋಣೆಯ ಬಗ್ಗೆ ನೀವು ಬರೆದಿರುವ ಆರು ಸಾಲು ಇಡೀ ಹಸ್ತಪ್ರತಿಯಲ್ಲೇ ಶ್ರೇಷ್ಠವಾದವು, ಅಲ್ಲಿ ನಾನು ಪೆನ್ಸಿಲು ಮುಟ್ಟಿಸಿಲ್ಲ. ಗುರುತು ಹಾಕಿದ ಪ್ರತಿಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಎರಡು ಮೂರು ತಿಂಗಳು ತೆಗೆದುಕೊಂಡರೂ ಚಿಂತೆಯಿಲ್ಲ. ಬಂದ ಮೇಲೆ ಬೇರೆಯವರಿಗೆ ಒಪ್ಪಿಸದೆ ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ