ಬೆನ್ನಿನ ಆಪರೇಷನ್ ಆದಮೇಲೆ ಅವ್ವನಿಗೆ ಕಣ್ಣು ಕಾಣಲಿಲ್ಲ

ಪ್ರಶ್ನೆ: ನಮ್ಮ ಅವ್ವನಿಗೆ 61 ವರ್ಷ. ದಾವಣಗೆರೆಯಲ್ಲಿ ಸೊಂಟದ ಡಿಸ್ಕ್ ಆಪರೇಷನ್ ಆಯಿತು. ಮಾರನೇ ದಿನ ತಲೆನೋವು ಅಂದವಳು, ‘ಕರೆಂಟ್ ಹೋಯ್ತೇನೇ?’ ಎಂದು ಕೇಳಿದಳು. ಕಿಟಕಿ ತುಂಬ ಬಿಸಿಲಿತ್ತು. ಕಾಫಿ ಲೋಟ ಕೊಟ್ಟರೆ ಗಾಳಿಯಲ್ಲಿ ತಡಕಾಡಿದಳು. ಆಮೇಲೆ ಫಿಟ್ಸ್ ಬಂತು. ಬಿಪಿ 200 ದಾಟಿತ್ತಂತೆ. ವಾರದೊಳಗೆ ಮೊದಲಿನಂತೆ ಕಾಣತೊಡಗಿತು. ಡಿಸ್ಚಾರ್ಜ್ ಚೀಟಿಯಲ್ಲಿ ‘ಪ್ರೆಸ್’ ಎಂದು ಬರೆದಿದ್ದಾರೆ. ಬೆನ್ನಿನ ನರ ಮುಟ್ಟಿದ್ದಕ್ಕೇ ಹೀಗಾಯಿತು ಅಂತಾರೆ ನೆಂಟರು. ಕಣ್ಣು ಮತ್ತೆ ಹೋಗುತ್ತಾ? ಬಿಪಿ ಮಾತ್ರೆ ಬಿಡಬಹುದಾ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಮಾತ್ರೆ ಬಿಡಬೇಡಿ. ಅದು ಮೊದಲ ಮಾತು.

ನೆಂಟರು ಹೇಳಿದ್ದು ಸರಿಯಲ್ಲ. ಕಣ್ಣಿನ ನರ ಬೆನ್ನಿನೊಳಗೆ ಹಾಯುವುದೇ ಇಲ್ಲ, ಕಣ್ಣುಗುಡ್ಡೆಯ ಹಿಂದಿನಿಂದ ನೇರ ಮೆದುಳಿಗೆ ಹೋಗುತ್ತದೆ. ಕಂಡದ್ದನ್ನು ಗುರುತಿಸುವ ಜಾಗ ಇರುವುದು ತಲೆಯ ಹಿಂಭಾಗದಲ್ಲಿ. ಬಿಪಿ ಏಕಾಏಕಿ ಏರಿದಾಗ ಅಲ್ಲಿನ ಸಣ್ಣ ರಕ್ತನಾಳಗಳಿಂದ ನೀರಿನಂಶ ಜಿನುಗಿ ಮೆದುಳು ಊದಿಕೊಳ್ಳುತ್ತದೆ. ಚೀಟಿಯಲ್ಲಿ ಬರೆದಿರುವ ‘ಪ್ರೆಸ್’ (PRES) ಎಂದರೆ ಇದೇ. ಅವ್ವನ ಕಣ್ಣು ಚೆನ್ನಾಗಿಯೇ ಇತ್ತು, ನೋಡುವ ಮೆದುಳು ಊದಿತ್ತು. ಇಂಥ ರೋಗಿಗೆ ಟಾರ್ಚ್ ಬಿಟ್ಟರೆ ಬೆಳಕು ಕಾಣುವುದಿಲ್ಲ, ಆದರೆ ಪಾಪೆ ಮಾತ್ರ ಎಂದಿನಂತೆ ಕುಗ್ಗುತ್ತದೆ. ಎಂಆರ್‌ಐನಲ್ಲಿ ಊತ ಬೆಳ್ಳಗೆ ಕಾಣುತ್ತದೆ. ಇದನ್ನು ಪ್ರತ್ಯೇಕ ತೊಂದರೆಯಾಗಿ ವೈದ್ಯರು ವಿವರಿಸಿದ್ದು 1996ರಲ್ಲಿ. ಗರ್ಭಿಣಿಯರಲ್ಲಿ ಬಿಪಿ ಏರಿ ಫಿಟ್ಸ್ ಬಂದಾಗ, ಕಿಡ್ನಿ ಕೆಟ್ಟವರಲ್ಲಿ ಇದನ್ನು ಹೆಚ್ಚು ನೋಡುತ್ತೇವೆ. ಬೆನ್ನಿನ ಆಪರೇಷನ್ ನಂತರ ಬರುವುದು ಬಹಳ ಅಪರೂಪ. ಬಿಪಿಯನ್ನು ನಿಧಾನವಾಗಿ ಇಳಿಸಿದರೆ ಹೆಚ್ಚಿನವರಲ್ಲಿ ಕೆಲವು ದಿನ ಅಥವಾ ವಾರಗಳಲ್ಲಿ ಊತ ಇಳಿಯುತ್ತದೆ.

ಇದನ್ನು ಓದಿ ‘ತಾನಾಗೇ ಬರುತ್ತೆ’ ಎಂದು ಯಾರೂ ಕಾಯಬಾರದು, ದಯವಿಟ್ಟು. ಗಂಟೆಗಟ್ಟಲೆ ಬೋರಲು ಮಲಗಿಸಿ ಮಾಡುವ ಆಪರೇಷನ್ನಿನಲ್ಲಿ ರಕ್ತ ಬಹಳ ಹೋದರೆ ಕಣ್ಣಿನ ನರಕ್ಕೇ ರಕ್ತ ಸಾಲದೆ ದೃಷ್ಟಿ ಹೋಗುವುದುಂಟು. ಅದು ಬಹುಪಾಲು ಮರಳುವುದಿಲ್ಲ. ಎರಡರಲ್ಲಿ ಯಾವುದು ಎಂದು ಮನೆಯವರಿಗೆ ತಿಳಿಯಲಾರದು. ಮಂಜು ಅಂದರೂ ಸಾಕು, ಆ ಗಳಿಗೆಯಲ್ಲೇ ವಾರ್ಡಿನ ನರ್ಸಿಗೆ ಹೇಳಿ ವೈದ್ಯರನ್ನು ಕರೆಸಬೇಕು.

ಅವ್ವನಿಗೆ ಇದು ಮತ್ತೆ ಬರುವ ಸಂಭವ ಕಡಿಮೆ, ಆದರೆ ಬಿಪಿ ಹತೋಟಿ ತಪ್ಪಿದರೆ ಬರಬಹುದು. ಫಿಟ್ಸ್ ಮಾತ್ರೆಯನ್ನೂ ನರರೋಗ ತಜ್ಞರು ಹೇಳುವವರೆಗೆ ನಿಲ್ಲಿಸಬೇಡಿ. ಆಪರೇಷನ್ನಿಗೆ ಉಪವಾಸ ಅಂತ ಬಿಪಿ ಮಾತ್ರೆಯನ್ನೂ ಬಿಟ್ಟು ಬರುವವರನ್ನು ನೋಡಿದ್ದೇನೆ. ಯಾವುದು ನುಂಗಬೇಕು, ಯಾವುದು ಬೇಡ ಎಂದು ಅರಿವಳಿಕೆ ವೈದ್ಯರನ್ನೇ ಕೇಳಿ. ಮುಂದೆ ಹಲ್ಲು ಕೀಳಿಸಲು ಹೋದರೂ ಆ ಚೀಟಿ ಜೊತೆಗಿರಲಿ.