ಬಳ್ಳಿ ಗುಲಾಬಿಯನ್ನು ಬಗ್ಗಿಸಿ ಕಟ್ಟಿ

ಪ್ರಶ್ನೆ: ಜಗಲಿ ಪಕ್ಕದ ಕ್ಲೈಂಬಿಂಗ್ ಕ್ರಿಮ್ಸನ್ ಗ್ಲೋರಿ ಗುಲಾಬಿ ಮಾಡಿನ ತನಕ ಏರಿದೆ. ಹೂವೆಲ್ಲ ತುದಿಯಲ್ಲೇ, ಪರಿಮಳ ಕೆಳಗಿಳಿಯುವುದೇ ಇಲ್ಲ. ಮಳೆಗಾಲದಲ್ಲಿ ಎಲೆಗಳಲ್ಲಿ ಕಪ್ಪು ಚುಕ್ಕೆ ಮೂಡಿ ಉದುರುತ್ತವೆ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಕೊಂಬೆಗಳನ್ನು ನೆಟ್ಟಗೆ ಬಿಟ್ಟದ್ದೇ ಕಾರಣ. ನೇರ ನಿಂತ ಕೊಂಬೆಯ ತುದಿ, ಕೆಳಗಿನ ಕಣ್ಣುಗಳನ್ನು ಚಿಗುರಲು ಬಿಡುವುದಿಲ್ಲ. ಅದನ್ನೇ ಅಡ್ಡಲಾಗಿ ಬಗ್ಗಿಸಿದರೆ ಉದ್ದಕ್ಕೂ ಕಣ್ಣು ಒಡೆದು, ಗೇಣುದ್ದದ ಚಿಗುರುಗಳು ಎದ್ದು ಹೂ ಕೊಡುತ್ತವೆ. ಗೋಡೆಗೆ ಒಂದೊಂದು ಅಡಿ ಅಂತರದಲ್ಲಿ ಅಡಿಕೆ ದಬ್ಬೆ ಬಿಗಿಯಿರಿ. ಗುಲಾಬಿ ತಾನಾಗಿ ಸುತ್ತಿಕೊಳ್ಳುವ ಬಳ್ಳಿಯಲ್ಲ, ಕಟ್ಟಲೇಬೇಕು. ನಾನು ಬಾಳೆಪಟ್ಟೆ ನಾರನ್ನು ನೆನೆಸಿ, ದಬ್ಬೆಗೂ ಕೊಂಬೆಗೂ ನಡುವೆ ಒಮ್ಮೆ ತಿರುಚಿ, ಕಿರುಬೆರಳು ಹೋಗುವಷ್ಟು ಸಡಿಲ ಬಿಡುತ್ತೇನೆ. ತಂತಿ ಬೇಡ, ಸಿಪ್ಪೆ ಕೊರೆಯುತ್ತದೆ. ಎಳೆಯ ಕೊಂಬೆ ಹೇಳಿದಂತೆ ಬಗ್ಗುತ್ತದೆ. ಬಲಿತದ್ದನ್ನು ಒಮ್ಮೆಲೇ ಎಳೆದರೆ ಲಟಕ್ಕನೆ ಮುರಿದೀತು, ವಾರಕ್ಕಿಷ್ಟು ಎಂದು ಇಳಿಸಿ.

ಎಲೆಗೆ ಬಂದದ್ದು ಕಪ್ಪುಚುಕ್ಕೆ ರೋಗ. ಅಡಿಕೆಗೆ ಕಲಸಿದ ಬೋರ್ಡೋ (ತಾಮ್ರದ ಮೈಲುತುತ್ತ, ಸುಣ್ಣದ ದ್ರಾವಣ) ಉಳಿದಿದೆಯೆಂದು ಇದಕ್ಕೆ ದಯವಿಟ್ಟು ಹೊಡೆಯಬೇಡಿ. ನಮ್ಮ ಥಂಡಿಯಲ್ಲಿ ತಾಮ್ರ ಗುಲಾಬಿ ಎಲೆಯನ್ನು ಸುಡುತ್ತದೆ. ಬಿದ್ದ ಎಲೆ ಆರಿಸಿ ಸುಟ್ಟುಬಿಡಿ, ಗಿಡದೊಳಗೆ ಗಾಳಿಯಾಡಲಿ.

ದೀಪಾವಳಿ ಹೊತ್ತಿಗೆ ಒಣಕಲು ಸವರಿ, ಕೊಟ್ಟಿಗೆ ಗೊಬ್ಬರ ಕೊಡಿ. ಬುಡದ ತನಕ ಮಾತ್ರ ಕತ್ತರಿಸಬೇಡಿ. ಇದು 1935ರ ಪೊದೆ ಗುಲಾಬಿ ಕ್ರಿಮ್ಸನ್ ಗ್ಲೋರಿಯಲ್ಲಿ ತಾನಾಗಿ ಒಡೆದ ಬಳ್ಳಿ ರೂಪ. ವಿಪರೀತ ಕಡಿದರೆ ಮತ್ತೆ ಪೊದೆಯಾಗಿಬಿಡಬಹುದು.