ನಾಲ್ಕೇ ಅಂಕ, ಆದರೆ ಆರಿಸಿದ್ದು ಅಲ್ಲಿಯವರು

ಪ್ರಿಯ ಓದುಗರೇ,

ಪರಿಸರಕ್ಕೆ ಹೊರೆಯಾಗದ ಕಟ್ಟಡಗಳಿಗೆ ಅಂಕ ಕೊಟ್ಟು ದರ್ಜೆ ನೀಡುವ ಅಮೆರಿಕದ ‘ಲೀಡ್’ ಹಸಿರು ಕಟ್ಟಡ ಮಾನದಂಡದ ಬಗ್ಗೆ ನಾವು ಬರೆದದ್ದನ್ನು ಓದಿ ನೀವು ಕೇಳಿದ್ದೀರಿ: ‘2009ರ ಆವೃತ್ತಿಯ 110 ಅಂಕಗಳಲ್ಲಿ ಸ್ಥಳೀಯ ಆದ್ಯತೆಗೆ ನಾಲ್ಕೇ ಅಂಕ ಇತ್ತು. ಅದು ಯಾವುದಕ್ಕೆ ಅಂತ ಆರಿಸಿದವರೂ ಸಂಬಳವಿಲ್ಲದ ಸ್ವಯಂಸೇವಕರು. ಇದು ಸುಮ್ನೆ ಶಾಸ್ತ್ರಕ್ಕೆ ಅಲ್ವಾ?’

ಲೆಕ್ಕ ಸರಿಯಾಗಿದೆ. ಆದರೆ ಶಾಸ್ತ್ರಕ್ಕೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಈ ನಾಲ್ಕು ಅಂಕ ಬಂದದ್ದು 2009ರ ಆವೃತ್ತಿಯಲ್ಲಿ. ಅದಕ್ಕಾಗಿ ಹೊಸ ನಿಯಮ ಮಾಡಲಿಲ್ಲ. ಮೊದಲೇ ಇದ್ದ ಅಂಶಗಳಲ್ಲಿ ಒಂದೊಂದು ಪ್ರದೇಶಕ್ಕೂ ಆರನ್ನು ಆರಿಸಿದರು. ಅದರಲ್ಲಿ ಒಂದನ್ನು ಸಾಧಿಸಿದರೆ ಒಂದು ಅಂಕ ಜಾಸ್ತಿ, ಒಟ್ಟು ನಾಲ್ಕರವರೆಗೆ. ಆರಿಸಿದವರು ಲೀಡ್ ನಡೆಸುವ ಅಮೆರಿಕದ ಹಸಿರು ಕಟ್ಟಡ ಮಂಡಳಿಯ ಸ್ಥಳೀಯ ಶಾಖೆಗಳ ಸ್ವಯಂಸೇವಕರು. ಇನ್ನು ಅಂಕದ ಬೆಲೆ ನೋಡಿ. ಒಟ್ಟು 59 ಬಂದರೆ ಕಟ್ಟಡಕ್ಕೆ ಸಿಲ್ವರ್ ದರ್ಜೆ, 60 ಬಂದರೆ ಅದಕ್ಕಿಂತ ಮೇಲಿನ ಗೋಲ್ಡ್. ಆ ಗಡಿಯಲ್ಲಿ ನಿಂತ ಮಾಲೀಕನಿಗೆ ಒಂದು ಅಂಕವೂ ದೊಡ್ಡದೇ.

ಮರುಭೂಮಿಯ ಊರಿಗೆ ನೀರಿನ ಚಿಂತೆ ಮೊದಲು. ಅದು ಯಾರಿಗೂ ಹೊಳೆಯುತ್ತದೆ. ಹಳೆಯ ನಗರಗಳ ಕಷ್ಟ ಹಾಗಲ್ಲ, ಅದು ನೆಲದಡಿ ಇರುತ್ತದೆ. ಅಮೆರಿಕದ ಎಷ್ಟೋ ಹಳೆಯ ನಗರಗಳಲ್ಲಿ ಮಳೆನೀರು, ಶೌಚಾಲಯದ ನೀರು ಎರಡೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆ ಬಂದರೆ ಕೊಳವೆ ತುಂಬಿ, ಕೊಳಚೆ ನೇರ ನದಿಗೆ ಹೋಗುತ್ತದೆ. ಅಲ್ಲಿ ತಾರಸಿಯ ಮೇಲೆ ಮಣ್ಣು ಹಾಸಿ ಗಿಡ ಬೆಳೆಸಿದರೆ, ಆ ಮಣ್ಣು ಒಂದಿಷ್ಟು ಮಳೆ ಹೀರಿಕೊಂಡು ಉಳಿದದ್ದನ್ನು ನಿಧಾನವಾಗಿ ಬಿಡುತ್ತದೆ. ಯಾವ ಬೀದಿಯಲ್ಲಿ ಚರಂಡಿ ಉಕ್ಕುತ್ತದೆ ಅನ್ನುವುದು ಅಲ್ಲೇ ಓಡಾಡುವ ಎಂಜಿನಿಯರಿಗೆ ಗೊತ್ತಿರುತ್ತದೆ. ದೂರದ ಕಚೇರಿಯಲ್ಲಿ ಕೂತವರಿಗೆ ಅದು ಹೇಗೆ ತಿಳಿಯಬೇಕು?

ನಿಮ್ಮ ಅನುಮಾನದಲ್ಲೂ ಹುರುಳಿದೆ. ಇಂಥ ಕೆಲಸಕ್ಕೆ ಮುಂದೆ ಬರುವವರು ಹೆಚ್ಚಾಗಿ ಇದೇ ವೃತ್ತಿಯವರು. ಸುಲಭವಾಗಿ ಸಿಗುವ ಅಂಕದ ಕಡೆ ಅವರ ಮನಸ್ಸು ವಾಲಬಹುದು. ಇನ್ನೊಂದು ತೊಡಕು, ಪ್ರದೇಶವನ್ನು ಗುರುತಿಸಿದ್ದು ನಮ್ಮ ಪಿನ್‌ಕೋಡಿನಂಥ ಅಂಚೆಯ ಜಿಪ್ ಕೋಡ್ ಹಿಡಿದು. ನದಿ, ಕೆರೆಗಳಿಗೆ ಅಂಚೆಯ ಗಡಿ ಗೊತ್ತಿಲ್ಲ.

ಹಾಗಾಗಿ ಆರು ಅಂಶಗಳ ಪಕ್ಕದಲ್ಲೇ, ಇವನ್ನೇ ಯಾಕೆ ಆರಿಸಿದೆವು, ಯಾವ ನದಿಗೆ, ಯಾವ ಬೀದಿಗೆ ಅನುಕೂಲ ಅಂತ ಎಲ್ಲರಿಗೂ ಅರ್ಥವಾಗುವಂತೆ ಬರೆದಿಡಬೇಕು ಅನ್ನುವುದು ನನ್ನ ಬೇಡಿಕೆ. ಆಗ ಆ ಬೀದಿಯವರೇ ಓದಿ, ತಪ್ಪಿದ್ದರೆ ತಿದ್ದಬಹುದು.

– ಸಂಪಾದಕ